ಬೋರ್ಡಿಗೆ ಕಾಲು ಕೊಡುವ ಪಾದದಕ್ಕ

ಬೆಳಗಿನ ಆರು ಗಂಟೆ. ಕಬ್ಬಿಣದ ಅಂಗಡಿಗಳ ಸಾಲಿನಲ್ಲಿ ಇನ್ನೂ ಒಂದು ಶಟರ್ ಕೂಡ ಎದ್ದಿಲ್ಲ. ಓಣಿಯ ನಟ್ಟನಡುವೆ ಹತ್ತಡಿ ಎತ್ತರದ ಕಬ್ಬಿಣದ ಚೌಕಟ್ಟೊಂದು ನಿಂತಿದೆ. ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಏಣಿ ಹತ್ತಿ ಅದಕ್ಕೊಂದು ಹಳೆಯ ಹೊದಿಕೆ ಕಟ್ಟುತ್ತಿದ್ದಾರೆ. ಮೈಮೇಲೆ ಗಂಡಸರ ಶರ್ಟು, ತೋಳಿನ ತುಂಬ ಕಿಡಿ ಬಿದ್ದು ಆದ ತೂತುಗಳು. ನಾಲ್ಕು ಮೂಲೆಯನ್ನೂ ಬಿಗಿದು ಕೆಳಗಿಳಿಯುತ್ತಾರೆ. ಜೇಬಿನಿಂದ ಹಳೆಯ ಪೇಪರಿನ ಚೂರುಗಳನ್ನು ತೆಗೆದು, ಚೌಕಟ್ಟಿನ ಒಂದೊಂದು ಪಾದದ ತುದಿಯನ್ನೂ ಸನ್ನೆಗೋಲಿನಿಂದ ಮೀಟಿ, ಅಡಿಯಲ್ಲಿ ಒಂದೊಂದು ಚೂರು ಸೇರಿಸುತ್ತಾರೆ. ಆಮೇಲೆ ಪೇಂಟಿನ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ.

“ಏನು ಕಾಯ್ತಿದ್ದೀರಿ?” ಅಂತ ಕೇಳುತ್ತೇನೆ.

“ಗಾಳಿ.”

“ಬರುತ್ತಾ?”

“ಬರ್ದೇ ಎಲ್ಲಿ ಹೋಗುತ್ತೆ? ಆರೂವರೆಗೆ ಆ ತುದಿಯಿಂದ ಬರುತ್ತೆ. ಹಾಲಿನವನಿಗಿಂತ ನಿಯತ್ತು ಅದಕ್ಕೆ.”

ಬರುತ್ತದೆ. ಹೊದಿಕೆ ಹೊಟ್ಟೆ ಉಬ್ಬಿಸುತ್ತದೆ, ಬೆಸುಗೆ ಹಾಕಿದ ಕಡೆಯೆಲ್ಲ ಕಬ್ಬಿಣ ಸಣ್ಣಗೆ ನರಳುತ್ತದೆ. ಅವರ ಕಣ್ಣು ಹೊದಿಕೆಯ ಮೇಲಿಲ್ಲ, ಆ ಕಾಗದದ ಚೂರುಗಳ ಮೇಲಿದೆ. ಪಾದ ಒಂದು ಕೂದಲೆಳೆಯಷ್ಟು ಎದ್ದರೂ ಸಾಕು, ಚೂರು ಹಾರಿಹೋಗುತ್ತದೆ. ಹಾರಿದರೆ ಆ ಸ್ಟ್ಯಾಂಡನ್ನು ಬಿಚ್ಚಿ ಮತ್ತೆ ಮಾಡಬೇಕು. ಹತ್ತು ನಿಮಿಷವಾದರೂ ಯಾವುದೂ ಹಾರುವುದಿಲ್ಲ. ಅವರು ಎದ್ದು ಹೊದಿಕೆ ಬಿಚ್ಚಿ ಮಡಚಿಕೊಳ್ಳುತ್ತಾರೆ.

ಓಣಿಯವರು ಇವರನ್ನು ಕರೆಯುವುದು ಪಾದದಕ್ಕ ಎಂದು. ಬಯಲಿನಲ್ಲಿ ನಡೆಯುವ ಆಟ, ನಾಟಕ, ವಸ್ತುಪ್ರದರ್ಶನ, ಸರ್ಕಸ್ಸು ಏನೇ ಇರಲಿ, ಬಾಗಿಲಲ್ಲಿ ಒಂದು ದೊಡ್ಡ ಬೋರ್ಡು ಇರುತ್ತದಲ್ಲ, ಗೋಡೆಯ ಆಸರೆಯಿಲ್ಲದೆ, ನೆಲದಲ್ಲಿ ಗುಂಡಿ ತೋಡದೆ, ತನ್ನ ಕಾಲ ಮೇಲೆ ತಾನೇ ನಿಲ್ಲುವಂಥದ್ದು? ಅದನ್ನು ಹೊತ್ತು ನಿಲ್ಲುವ ಸ್ಟ್ಯಾಂಡು ಇವರ ಕೈಕೆಲಸ. ಗಿರಾಕಿ ಬಂದು ಬೋರ್ಡಿನ ಚಿತ್ರ, ಬಣ್ಣ, ಲೈಟು ಅಂತ ಅರ್ಧ ಗಂಟೆ ಕೊರೆದರೂ ಇವರು ಬಾಯಿ ಬಿಟ್ಟು ಕೇಳುವುದು ಒಂದೇ ಮಾತು: “ಅದೆಲ್ಲ ಸರಿ, ಪಾದ ಎಷ್ಟು ಇಡ್ಲಿ?” ಹಾಗೆ ಬಂದ ಹೆಸರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮ ಕಸುಬಲ್ಲಿ ಅದು ಉಲ್ಟಾ. ಕಾಲು ಚಾಚಿದಷ್ಟೇ ತಲೆ ಎತ್ಬೇಕು,” ಎನ್ನುತ್ತಾರೆ. ಹತ್ತಡಿ ಎತ್ತರಕ್ಕೆ ಐದಡಿ ಪಾದ, ಮುಂದೆ ಅರ್ಧ, ಹಿಂದೆ ಅರ್ಧ. ಇದು ಅವರ ಯಜಮಾನರು ಕಲಿಸಿದ ಲೆಕ್ಕ. “ಜನ ಚಿತ್ರ ನೋಡ್ತಾರೆ, ಅಕ್ಷರ ಓದ್ತಾರೆ. ಪಾದ ನೋಡೋರು ಯಾರು ಹೇಳಿ? ಎಡವಿದವರು ಮಾತ್ರ!”

ನಗುತ್ತಾರೆ. ನಕ್ಕಾಗ ಕಣ್ಣಿಂದ ನೀರು ಬರುತ್ತದೆ. ಅದು ನಗೆಯ ನೀರಲ್ಲ, ಬೆಸುಗೆಯ ಬೆಳಕಿನದು. ಸಂಜೆಯಾದರೆ ಕಣ್ಣಿಗೆ ಮರಳು ಎರಚಿದ ಹಾಗೆ ಇರುತ್ತದಂತೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಗ್ರೈಂಡರಿನ ಸದ್ದಿಗೆ ಬಲಗಿವಿ ಮುಕ್ಕಾಲು ಪಾಲು ಹೋಗಿದೆ, ಆದ್ದರಿಂದ ಅವರ ಜೊತೆ ಮಾತಾಡುವವರು ಎಡಗಡೆಗೇ ನಿಲ್ಲಬೇಕು. ಒಂದು ಸ್ಟ್ಯಾಂಡು ಎಂದರೆ ಐವತ್ತೆಂಟು ಕಿಲೋ ಕಬ್ಬಿಣ, ಇಪ್ಪತ್ತಾರು ಕಡೆ ಬೆಸುಗೆ, ತುಕ್ಕು ತಡೆಯುವ ರೆಡ್ ಆಕ್ಸೈಡು ಬಣ್ಣ ಎರಡು ಕೋಟು. ಮೊದಲು ವಾರಕ್ಕೆ ಎಂಟು ಸ್ಟ್ಯಾಂಡು ಹೋಗುತ್ತಿದ್ದವು. ಈಗ ತಿಂಗಳಿಗೆ ಆರು ಹೋದರೆ ಹೆಚ್ಚು. ಎರಡು ಬೆರಳಲ್ಲಿ ಎತ್ತಬಹುದಾದ ಮಡಚುವ ಸ್ಟ್ಯಾಂಡುಗಳು ಬಂದಿವೆಯಲ್ಲ.

“ಛತ್ರಿ ಥರ ಬಿಚ್ಕೊಳುತ್ತೆ, ಛತ್ರಿ ಥರಾನೇ ಹಾರುತ್ತೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ನಾನು ಹೇಳಿದ್ರೆ, ‘ಅಕ್ಕಾ, ನಿನ್ನ ಸ್ಟ್ಯಾಂಡು ಎತ್ತೋಕೆ ನಾಲ್ಕು ಜನ ಬೇಕು, ನಾಲ್ಕು ಜನ ಎತ್ತೋದು ಹೆಣಾನ’ ಅಂತಾನೆ ಗಾಡಿಯವನು.”

ನಿಜ ಹೇಳಿಬಿಡುತ್ತೇನೆ. ನಾನು ಹುಡುಕಿಕೊಂಡು ಹೋಗಿದ್ದು ಈ ಬರಹವನ್ನಲ್ಲ. “ಗಂಡಸರ ಕಸುಬಿಗೆ ಕೈ ಹಾಕಿದ ಹೆಣ್ಣುಮಗಳು, ಕಿಡಿ ಹಾರುವಾಗ ಒಂದು ಫೋಟೊ, ಎಂಟು ನೂರು ಪದ,” ಎಂದು ಪುರವಣಿಯ ಸಂಪಾದಕರು ಹೇಳಿ ಕಳಿಸಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಇಂಥ ಬರಹ ಎಷ್ಟು ಬರೆದಿಲ್ಲ, ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ ಮೊದಲ ದಿನವೇ ಪಾದದಕ್ಕ, “ನನ್ನ ಬಗ್ಗೆ ಬೇಡ ಮೇಡಂ, ನಮ್ಮ ಮನೆಯವರ ಬಗ್ಗೆ ಬರೀರಿ,” ಎಂದು ಪಟ್ಟು ಹಿಡಿದರು. ಅವರೆಲ್ಲಿ ಎಂದರೆ ಹಿಂದಿನ ಕೋಣೆಯತ್ತ ಕತ್ತು ತಿರುಗಿಸಿದರು.

ವರ್ಕ್‌ಶಾಪಿನ ಹಿಂದೆಯೇ ಮನೆ. ಮನೆ ಎಂದರೆ ಒಂದು ಅಡುಗೆಮೂಲೆ, ಒಂದು ಕೋಣೆ. ಕೋಣೆಯ ಕಿಟಕಿ ತೆರೆದರೆ ಪಕ್ಕದ ಗೋಡೌನಿನ ಗೋಡೆ. ಆ ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಮೊಣಕಾಲು ಎದೆಗೆ ಎಳೆದುಕೊಂಡು ಪಾದದಕ್ಕನ ಗಂಡ ಕೂತಿರುತ್ತಾರೆ. ವಯಸ್ಸು ಅರವತ್ತೆರಡು. ಕಾಯಿಲೆ ಅಂತ ಏನೂ ಇಲ್ಲ. ಹನ್ನೊಂದು ವರ್ಷದಿಂದ ಅವರು ಕಬ್ಬಿಣ ಮುಟ್ಟಿಲ್ಲ, ಅಷ್ಟೆ. ಅದಕ್ಕೂ ಮೊದಲು ಈ ಸಾಲಿನಲ್ಲೇ ಅವರಷ್ಟು ಚೊಕ್ಕವಾಗಿ ಸ್ಟ್ಯಾಂಡು ಮಾಡುವವರು ಇರಲಿಲ್ಲವೆಂದು ಎದುರಿನ ಪೈಪಿನಂಗಡಿಯವನು ಇವತ್ತಿಗೂ ಹೇಳುತ್ತಾನೆ.

ಹನ್ನೊಂದು ವರ್ಷದ ಹಿಂದೆ ಒಂದು ಬಯಲು ಪ್ರದರ್ಶನಕ್ಕೆ ಅವರು ಹನ್ನೆರಡು ಸ್ಟ್ಯಾಂಡು ಮಾಡಿಕೊಟ್ಟಿದ್ದರು. ಮೂರನೆಯ ದಿನ ಮಧ್ಯಾಹ್ನ, ಹಿಂದಿನಿಂದ ಬೀಸಿದ ಗಾಳಿಗೆ ಟಿಕೆಟ್ ಕಿಟಕಿಯ ಪಕ್ಕದ ಬೋರ್ಡು ಮುಂದಕ್ಕೆ ಮಗುಚಿ ಬಿತ್ತು. ಬಯಲು ಗುಡಿಸುವ ಹೆಂಗಸೊಬ್ಬಳು ಆ ಬೋರ್ಡಿನ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳು ಇರಲಿಲ್ಲ. ಅವಳಿಗೊಬ್ಬಳು ಹದಿನಾಲ್ಕು ವರ್ಷದ ಮಗಳು.

ಪೊಲೀಸರು ಬಂದು ಸ್ಟ್ಯಾಂಡು ಮಾಡಿದ್ದು ಯಾರೆಂದು ಕೇಳಿದರು. “ನಾನು. ನನ್ನ ಕೆಲಸ, ನನ್ನ ಜವಾಬ್ದಾರಿ,” ಎಂದು ಇವರು ಹೊರಟೇಬಿಟ್ಟರು. ಹತ್ತೊಂಬತ್ತು ದಿನ ಒಳಗಿದ್ದರು. ಆಮೇಲೆ, ಅಂಥ ಗಾಳಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂದು ಕೇಸು ಮುಚ್ಚಿತು. ಹೊರಗೆ ಬಂದವರೇ ಆ ಸ್ಟ್ಯಾಂಡು ನೋಡಬೇಕೆಂದು ಬಯಲಿಗೆ ಓಡಿದರಂತೆ. ಹೆಂಗಸನ್ನು ಹೊರಗೆಳೆಯಲು ಅದನ್ನು ಅಲ್ಲೇ ತುಂಡು ಮಾಡಿದ್ದರು, ತುಂಡುಗಳು ಆಗಲೇ ಗುಜರಿಗೆ ಹೋಗಿದ್ದವು. ಊರಬಾಯಿಗೆ ಮುಚ್ಚಳವಿಲ್ಲವಲ್ಲ, ಕೆಲವರು ಇವರನ್ನು ಕೊಲೆಗಾರ ಎಂದರು. ಇನ್ನು ಕೆಲವರು, ಅವಳಾದರೂ ಅಲ್ಲಿ ಯಾಕೆ ಕೂರಬೇಕಿತ್ತು ಎಂದು ಸತ್ತವಳಿಗೇ ಬೈದರು.

ಎರಡನೆಯ ಭೇಟಿಯಲ್ಲಿ ಅವರು ನನ್ನ ಜೊತೆ ಮಾತಾಡಿದರು. ಅವರ ತಲೆಯಲ್ಲಿ ಇರುವುದು ಒಂದೇ ವಿಷಯ.

“ಅಳತೆ ಟೇಪಿನ ತುದೀಲಿ ಕೊಕ್ಕೆ ಇರುತ್ತೆ ನೋಡಿ ತಂಗಿ, ಪೈಪಿಗೆ ಸಿಕ್ಕಿಸೋದು. ಅದು ಸಡಿಲ ಆಗಿತ್ತು. ಬದಲಾಯಿಸ್ಬೇಕು ಅಂದ್ಕೊಂಡೆ, ಮರೆತೆ. ಮುಂದಿನ ಪಾದ ಕಮ್ಮಿ ಆಗಿರ್ಬೇಕು. ಹನ್ನೆರಡರಲ್ಲಿ ಹನ್ನೊಂದು ನಿಂತ್ವು. ಅದೊಂದು ಬಿತ್ತು. ನಾನು ತಪ್ಪು ಅಳೀದಿದ್ರೆ ಅದು ಯಾಕೆ ಬಿತ್ತು? ನೀವೇ ಹೇಳಿ.”

ಸಡಿಲ ಕೊಕ್ಕೆಯಿಂದ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗಬಹುದು, ಅಷ್ಟಕ್ಕೇ ಬೀಳುತ್ತದೆಯೇ ಎಂದು ಕೇಳಿದೆ. “ಅದನ್ನೇ ಕೇಳ್ಕೊಳ್ತಾ ಇದ್ದೀನಿ. ಹನ್ನೊಂದು ವರ್ಷ ಆಯ್ತು,” ಎಂದರು. ವರ್ಕ್‌ಶಾಪಿನಲ್ಲಿ ಟೇಪು ಯಾಕಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಟೇಪು ಸರ್ರೆಂದು ಒಳಸರಿಯುವ ಸದ್ದು ಕೇಳಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಪಾದದಕ್ಕ ಎಲ್ಲವನ್ನೂ ಗೆರೆ ಕೊರೆದ ಒಂದು ಉದ್ದನೆಯ ಸರಳಿನಿಂದ ಅಳೆಯುತ್ತಾರೆ.

ಹೊರಗೆ ಬಂದಾಗ ಪಾದದಕ್ಕ ನನ್ನ ಮುಖ ನೋಡಲಿಲ್ಲ. “ಏನಂದ್ರು?” ಎಂದಷ್ಟೇ ಕೇಳಿ, ನಾನು ಹೇಳಿದ್ದನ್ನು ಕೇಳಿಸಿಕೊಂಡು, ಮುಖಕ್ಕೆ ವೆಲ್ಡಿಂಗ್ ಶೀಲ್ಡು ಹಿಡಿದರು.

ಮೂರನೆಯ ಸಲ ಹೋದಾಗ ಅವರೇ ಗ್ರೈಂಡರ್ ನಿಲ್ಲಿಸಿದರು. ಟೀ ತರಿಸಿದರು. ಟೀ ಆರಿತು. ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ನೆಲ ನೋಡುತ್ತ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು.

“ಅಳತೆ ಸರಿ ಇತ್ತು ಮೇಡಂ. ಅದನ್ನ ಕತ್ತರಿಸಿದ್ದು ನಾನು.”

ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು.

ಪ್ರದರ್ಶನ ಶುರುವಾಗುವ ಹಿಂದಿನ ದಿನ ಅದನ್ನು ನಡೆಸುತ್ತಿದ್ದವನು ಫೋನು ಮಾಡಿದ್ದನಂತೆ. ಟಿಕೆಟ್ ಕಿಟಕಿಯ ಪಕ್ಕದ ಸ್ಟ್ಯಾಂಡಿನ ಮುಂದಿನ ಪಾದಗಳು ಸಾಲಿನಲ್ಲಿ ನಿಲ್ಲುವವರ ಕಾಲಿಗೆ ಸಿಗುತ್ತವೆ, ಬಂದು ಸ್ವಲ್ಪ ಕತ್ತರಿಸಿ ಎಂದ. ಯಜಮಾನರು ಜ್ವರ ಬಂದು ಮಲಗಿದ್ದರು. ಆಗ ಪಾದದಕ್ಕನ ಕೆಲಸ ಉಜ್ಜುವುದು, ಬಣ್ಣ ಹಚ್ಚುವುದು, ಅಷ್ಟೆ. ಕತ್ತರಿಸುವುದು, ಬೆಸೆಯುವುದು ಗಂಡ ಮನೆಯಲ್ಲಿಲ್ಲದಾಗ ಕದ್ದುಮುಚ್ಚಿ ಕಲಿತಿದ್ದು.

“ನಾನೇ ಹೋದೆ. ಕಟಿಂಗ್ ಮಷೀನು ಚೀಲಕ್ಕೆ ಹಾಕ್ಕೊಂಡು ಬಸ್ಸಲ್ಲಿ ಹೋದೆ. ಅಲ್ಲಿದ್ದ ಗಂಡಸರೆಲ್ಲ ನಿಂತ್ಕೊಂಡು ನೋಡ್ತಿದ್ರು. ಎರಡೂ ಮುಂದಿನ ಪಾದ ಅರ್ಧಕ್ಕರ್ಧ ಕತ್ತರಿಸಿದೆ. ಚೂಪು ತುದಿ ಉಜ್ಜಿ ಬಣ್ಣ ಬಳಿದೆ. ಆಹಾ, ಎಷ್ಟು ನೀಟಾಗಿ ಮಾಡಿದೆ ಅಂದ್ರೆ! ಅವರಿಲ್ದೇನೂ ಒಂದು ಕೆಲಸ ಮುಗಿಸಿದೆ ಅಂತ ಜಂಬ. ವಾಪಸ್ ಬಂದು ಹೇಳ್ಬೇಕು ಅಂದ್ಕೊಂಡೆ. ಜ್ವರ ಇಳೀಲಿ, ಆಮೇಲೆ ಹೇಳಿ ಬೆರಗುಪಡಿಸೋಣ ಅಂತ ಸುಮ್ಮನಾದೆ.”

“ಕತ್ತರಿಸಿದ ಮೇಲೆ ಪರೀಕ್ಷೆ ಮಾಡಲಿಲ್ಲವೇ?”

“ಮಾಡ್ದೆ ಬಿಡ್ತೀನಾ? ಹಿಂದಿನಿಂದ ಹೆಗಲು ಕೊಟ್ಟು ನೂಕಿದೆ. ಮೂರು ಸಲ. ಅಲ್ಲಾಡ್ಲಿಲ್ಲ. ಆದ್ರೆ ಮೇಡಂ, ಆಗ ಬೋರ್ಡಿನ ಬಟ್ಟೆ ಇನ್ನೂ ಕಟ್ಟಿರ್ಲಿಲ್ಲ. ಬರೀ ಚೌಕಟ್ಟು. ಗಾಳಿ ಕಿಟಕೀಲಿ ಹೋದ ಹಾಗೆ ಅದರೊಳಗೆ ಹಾದು ಹೋಗುತ್ತೆ. ಬಟ್ಟೆ ಕಟ್ಟಿದ್ರೆ ಅದು ದೋಣಿಯ ಹಾಯಿ. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೀಲಿಲ್ಲ. ಮಾರನೇ ಬೆಳಗ್ಗೆ ಅವರು ಬಟ್ಟೆ ಬಿಗಿದ್ರು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ. ನನ್ನ ಬುದ್ಧಿಗೆ ಒಂದು ಜೀವ ಹೋಯ್ತು.”

ಕತ್ತರಿಸಿ ಎಂದವನೂ ಬಾಯಿ ಬಿಡಲಿಲ್ಲ, ನಿಂತು ನೋಡಿದ ಅವನ ಆಳುಗಳೂ ಬಿಡಲಿಲ್ಲ. ಬಂದ ಹಾಗೇ ನಿಲ್ಲಿಸಿದೆವು ಎಂದು ಪೊಲೀಸರಿಗೆ ಬರೆದುಕೊಟ್ಟ. ಹೀಗೆ ವಿಷಯ ಗೊತ್ತಿದ್ದವರೆಲ್ಲ ಸುಮ್ಮನಾದರು, ಗೊತ್ತಿಲ್ಲದ ಒಬ್ಬರು ಒಳಗೆ ಹೋದರು.

“ಮೊದಲನೇ ದಿನ ಹೆದರಿಕೆ,” ಎನ್ನುತ್ತಾರೆ ಪಾದದಕ್ಕ. “ಎರಡನೇ ದಿನ ನೋಡಿದ್ರೆ ಅವರು ಒಪ್ಕೊಂಡುಬಿಟ್ಟಿದ್ರು. ಬಿಡುಗಡೆ ಆಗಿ ಬಂದ ದಿನ ಹೇಳ್ಬೇಕು ಅಂತಾನೇ ಇದ್ದೆ. ಬಂದೋರೇ ಅಳೋಕೆ ಶುರು ಮಾಡಿದ್ರು. ನಾಳೆ ಹೇಳೋಣ ಅಂದೆ. ಆ ನಾಳೆ ಇವತ್ತಿನ ತನಕ ಬಂದಿಲ್ಲ.”

ನನಗೆ ಸಿಟ್ಟು ಬಂತು. ಬರೆಯುವವರು ಸಿಟ್ಟಾಗಬಾರದು ಎನ್ನುತ್ತಾರೆ, ಆದರೆ ಹಿಂದಿನ ಕೋಣೆಯಲ್ಲಿ ಮುದುಡಿ ಕೂತ ಮನುಷ್ಯನನ್ನು ನಾನು ನೋಡಿದ್ದೆನಲ್ಲ. ಹನ್ನೊಂದು ವರ್ಷ! ದಿನಾ ಎರಡು ಹೊತ್ತು ತಟ್ಟೆಗೆ ಬಡಿಸುತ್ತ, ಆ ಕೊಕ್ಕೆಯ ಕಥೆ ಕೇಳುತ್ತ, ಹೂಂಗುಟ್ಟುತ್ತ ಹೇಗಿದ್ದಿರಿ ಎಂದು ಕೇಳಿಯೇಬಿಟ್ಟೆ. ಧ್ವನಿ ಏರಿತ್ತು.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಬೈಯಿರಿ. ಯಾರಾದ್ರೂ ಬೈದ್ರೆ ಸಾಕು ಅನ್ನಿಸಿತ್ತು,” ಎಂದರು. “ನೀವು ಬರೀರಿ ಮೇಡಂ. ಎಲ್ಲಾ ಬರೀರಿ. ಭಾನುವಾರ ಪೇಪರ್ ಬಂದಾಗ ಅವರೇ ಓದ್ಕೊಳ್ಳಲಿ. ಬಾಯಲ್ಲಿ ಹೇಳೋಕೆ ಹೋದ್ರೆ ನಂಗೆ ನಾಲಿಗೆ ಹೊರಳಲ್ಲ. ಅಚ್ಚಾದ್ಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ, ಅಲ್ವಾ?”

“ಕೇಸು ಮತ್ತೆ ತೆಗೆಯಬಹುದು.”

“ತೆಗೀಲಿ. ಇನ್ನೊಂದು ಇದೆ ಮೇಡಂ. ಸತ್ತವಳ ಮಗಳನ್ನ ಅವಳ ದೊಡ್ಡಮ್ಮ ಕರ್ಕೊಂಡು ಹೋದ್ರು. ಎಲ್ಲಿಗೆ ಅಂತ ಗೊತ್ತಿಲ್ಲ. ಎಷ್ಟು ವಿಚಾರಿಸಿದೆ! ಅಮ್ಮ ಅಲ್ಲಿ ಕೂತಿದ್ದೇ ತಪ್ಪು ಅಂತ ಜನ ಆ ಮಗೂ ಎದುರೇ ಅಂದಿದ್ದು ನಾನು ಕೇಳಿದ್ದೀನಿ. ಕೂತಿದ್ದು ತಪ್ಪಲ್ಲ. ನೆರಳು ಕಂಡಲ್ಲಿ ಯಾರಾದ್ರೂ ಕೂರ್ತಾರೆ. ನಿಮ್ಮ ಪೇಪರ್ ಎಲ್ಲಾ ಕಡೆ ಹೋಗುತ್ತಲ್ಲ, ಅವಳಿಗೆ ಅದೊಂದು ಮಾತು ಮುಟ್ಲಿ.”

ಎಲೆಮರೆಯ ಕಾಯಿಗಳನ್ನು ಹುಡುಕಿ ಬರೆಯುವುದು ನನ್ನ ಹೊಟ್ಟೆಪಾಡು. ಕೆಲವರು ತಾವಾಗಿಯೇ ಎಲೆಯ ಹಿಂದೆ ಸರಿದುಕೊಂಡಿರುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಬರೆಯುತ್ತೇನೆ, ಆದರೆ ಗಂಡನಿಗೆ ಮೊದಲು ನೀವೇ ಹೇಳಬೇಕು, ಪೇಪರಿನಿಂದ ಅವರಿಗೆ ತಿಳಿಯುವುದಾದರೆ ನಾನು ಪೆನ್ನು ಮುಟ್ಟುವುದಿಲ್ಲ ಎಂದೆ. ಅವರು ಗ್ರೈಂಡರಿನ ಪ್ಲಗ್ಗು ಕಿತ್ತರು. ಆಮೇಲೆ ಕೈ ತೊಳೆದುಕೊಂಡು ಬಂದು, “ಹಾಗಾದ್ರೆ ನೀವೂ ಒಳಗೆ ಬನ್ನಿ. ಒಬ್ಬಳೇ ಆದ್ರೆ ನಾನು ಮತ್ತೆ ಟೀ ಬೇಕಾ ಅಂತ ಕೇಳಿ ವಾಪಸ್ ಬಂದ್ಬಿಡ್ತೀನಿ,” ಎಂದರು.

ಈಗ ನಾವು ಮೂವರೂ ಆ ಕೋಣೆಯಲ್ಲಿದ್ದೇವೆ. ಬೆಳಗಿನ ಒಂಬತ್ತು ಗಂಟೆ, ಗೋಡೌನಿನ ಗೋಡೆಯ ಮೇಲಿನಿಂದ ಸ್ವಲ್ಪ ಬಿಸಿಲು ಇಣುಕಿದೆ. ಪಾದದಕ್ಕ ಗಂಡನ ಎದುರು ನೆಲದ ಮೇಲೆ ಕೂರುತ್ತಾರೆ.

“ಇಲ್ನೋಡಿ. ಆ ಸ್ಟ್ಯಾಂಡಿನ ಪಾದ ನಾನು ಕತ್ತರಿಸಿದ್ದೆ. ನಿಮಗೆ ಜ್ವರ ಬಂದಿದ್ದಾಗ. ಅವನು ಫೋನ್ ಮಾಡಿದ್ದ.”

ಅವರು ಹೆಂಡತಿಯ ಮುಖವನ್ನೇ ನೋಡುತ್ತಾರೆ. ಕೇಳಿಸಲಿಲ್ಲವೇನೋ ಎಂದುಕೊಳ್ಳುತ್ತೇನೆ. ಓಣಿಯಲ್ಲಿ ಯಾರೋ ಪೈಪು ಇಳಿಸುವ ಸದ್ದು ಬಂದು ನಿಲ್ಲುತ್ತದೆ.

“ಯಾವ ಪಾದ?”

“ಮುಂದಿನವು. ಎರಡೂ.”

“ಎಷ್ಟು ಕತ್ತರಿಸಿದೆ?”

“ಅರ್ಧ.”

ಅವರ ತುಟಿ ಅಲುಗುತ್ತದೆ. ಲೆಕ್ಕ ಹಾಕುತ್ತಿದ್ದಾರೆ. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಓಡಾಡುತ್ತದೆ.

“ಒಂದೂಕಾಲು ಅಡಿ,” ಎನ್ನುತ್ತಾರೆ. “ಹತ್ತಡಿಗೆ ಮುಂದೆ ಒಂದೂಕಾಲು. ಬೀಳ್ದೇ ಏನು ಮಾಡುತ್ತೆ? ಬೀಳಲೇಬೇಕು.”

“ಹೂಂ.”

“ನೀನು ಕತ್ತರಿಸೋಕೆ ಮುಂಚೆ ಎಷ್ಟಿತ್ತು? ಅಳೆದ್ಯಾ?”

“ಅಳೆದೆ. ಅಳೆದೇ ಅರ್ಧಕ್ಕೆ ಗುರುತು ಹಾಕಿದ್ದು. ನೀವು ಇಟ್ಟಷ್ಟೇ ಇತ್ತು. ಒಂದು ಕೂದಲೂ ಕಮ್ಮಿ ಇರ್ಲಿಲ್ಲ.”

ಪಾದದಕ್ಕ ಅಳುತ್ತಿದ್ದಾರೆ. ಬಾಯಿಗೆ ಕೈ ಒತ್ತಿಕೊಂಡಿದ್ದಾರೆ, ಆದರೂ ಸದ್ದು ಹೊರಗೆ ಬರುತ್ತದೆ. ಗಂಡ ಬೈಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಗೋಡೆಗೆ ಕೈ ಊರಿ ನಿಧಾನವಾಗಿ ಎದ್ದು ನಿಲ್ಲುತ್ತಾರೆ. ಅವರು ಇಷ್ಟು ಎತ್ತರದ ಆಳು ಎಂದು ನನಗೆ ಗೊತ್ತೇ ಇರಲಿಲ್ಲ.

“ನೀನು ಸ್ವಲ್ಪ ಹೊರಗೆ ಹೋಗು,” ಎನ್ನುತ್ತಾರೆ ಹೆಂಡತಿಗೆ.

ಪಾದದಕ್ಕ ಹೋಗುತ್ತಾರೆ. ಬಾಗಿಲು ಮುಚ್ಚಿದ ಮೇಲೂ ಗಂಡ ಬಾಗಿಲನ್ನೇ ನೋಡುತ್ತ ನಿಂತಿರುತ್ತಾರೆ. ಈ ಮನೆಯಲ್ಲಿ ಮಧ್ಯಾಹ್ನದ ಊಟ ಯಾರು ಬಡಿಸುತ್ತಾರೆ, ಯಾರು ಉಣ್ಣುತ್ತಾರೆ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ನಾನೂ ಹೊರಡಲೆಂದು ಚೀಲ ಎತ್ತಿಕೊಳ್ಳುತ್ತೇನೆ. ಅವರು ಕೈ ಅಡ್ಡ ಹಿಡಿಯುತ್ತಾರೆ.

“ಪುಸ್ತಕ ತೆಗೀರಿ ತಂಗಿ. ಬರ್ಕೊಳ್ಳಿ. ಮುಂದೆ ಎರಡೂವರೆ ಅಡಿ, ಹಿಂದೆ ಎರಡೂವರೆ ಅಡಿ. ನಾನು ಇಟ್ಟಿದ್ದು ಅಷ್ಟು. ಎಲ್ಲಿ, ಬರೆದಿದ್ದು ಒಂದ್ಸಲ ಓದಿ ಹೇಳಿ.”